ಅಂಚಿಗೆ ಸವರಿದ ಅಳತೆ

ಮಂಗಳವಾರ, ಸೆಪ್ಟೆಂಬರ್ 9, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೆ-4ರಲ್ಲಿ ಜೋಳದ ಬೆಲೆ ಸತತ ಆರನೆಯ ವಾರವೂ ಬದಲಾಗಿರಲಿಲ್ಲ.

ಟೆಕ್ಸಸ್ ರಾಜ್ಯದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಸುಪ್ರಜಾ ಆ ಸಾಲನ್ನು ಎರಡು ಸಲ ಓದಿದಳು. ಮಲ್ವಾ ಒಂದಕ್ಕೆ ಹದಿನೆಂಟು ಸಾವಿರ ಪೌಂಡ್. ಆಗಸ್ಟ್ ಮೊದಲ ವಾರ ಎಷ್ಟಿತ್ತೋ ಇವತ್ತೂ ಅಷ್ಟೇ. ಮಲ್ವಾ ಎಂದರೆ ಸುಡಾನಿನ ಸಂತೆಗಳಲ್ಲಿ ಕಾಳು ಅಳೆಯುವ ತಗಡಿನ ಡಬ್ಬ, ನಮ್ಮ ಸೇರು ಇದ್ದ ಹಾಗೆ; ಪೌಂಡ್ ಅಲ್ಲಿಯ ಹಣ. ಕೆ-4 ಎಂದರೆ ಆ ದೇಶದ ಪಶ್ಚಿಮಕ್ಕಿರುವ ಒಂದು ಊರು. ಎರಡು ವರ್ಷದಿಂದ ಸುತ್ತಲೂ ಯುದ್ಧ. ಅಲ್ಲಿ ಬೆಲೆ ಕೇಳುತ್ತ ತಿರುಗುವವರಿಗೆ ಅಪಾಯ ಆಗಬಾರದೆಂದು ಊರಿನ ಹೆಸರನ್ನು ಯಾವ ಕಾಗದದಲ್ಲೂ ಬರೆಯುತ್ತಿರಲಿಲ್ಲ.

ಅಲ್ಲಿ ಬೆಲೆ ಕೇಳುತ್ತಿದ್ದವಳು ಇಖ್ಲಾಸ್. ಯುದ್ಧಕ್ಕೆ ಮುಂಚೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಪ್ರತಿ ಮಂಗಳವಾರ ಸಂತೆಗೆ ಹೋಗಿ ಜೋಳ, ಎಣ್ಣೆ, ಈರುಳ್ಳಿ, ಉಪ್ಪಿನ ಬೆಲೆಯನ್ನು ಫೋನಿನ ಫಾರಂನಲ್ಲಿ ತುಂಬುವುದು ಅವಳ ಕೆಲಸ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಮನೆಗಳಿಗೆ ಹೋಗಿ ನಿನ್ನೆ ಎಷ್ಟು ಹೊತ್ತು ಉಂಡಿರಿ ಎಂದು ಕೇಳುವುದು ಇನ್ನೊಂದು. ಊರಿನ ಒಂದು ಚಹಾ ಅಂಗಡಿಯಲ್ಲಿ ಮಾತ್ರ ಇಂಟರ್ನೆಟ್ ಇತ್ತು, ಅದೂ ಅಲ್ಲಿಯ ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ. ಟೆಕ್ಸಸ್‌ನಲ್ಲಿ ಆಗ ಬೆಳಿಗ್ಗೆ ಆರರಿಂದ ಎಂಟೂವರೆ. ಹಾಗಾಗಿ ಸುಪ್ರಜಾಳ ಮಂಗಳವಾರಗಳು ಬೇಗ ಶುರುವಾಗುತ್ತಿದ್ದವು.

ಬಂದ ಬೆಲೆಗಳನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿ, ತಪ್ಪು ಒಪ್ಪು ನೋಡಿ, ಹ್ಯೂಸ್ಟನ್‌ಗೆ ಕಳಿಸುವುದು ಅವಳ ಉದ್ಯೋಗ. ಹ್ಯೂಸ್ಟನ್ನಿನ ನೆರವು ಸಂಸ್ಥೆ ಆ ಅಂಕಿ ನೋಡಿಕೊಂಡು ಯಾವ ಊರಿನ ಸಾಮೂಹಿಕ ಅಡುಗೆಮನೆಗಳಿಗೆ ಹಣ ಕಳಿಸಬೇಕೆಂದು ತೀರ್ಮಾನಿಸುತ್ತಿತ್ತು. ಈ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆ. ಪಟ್ಟಿಯಲ್ಲಿ ಏಳು ಊರು, ಹಣ ಇದ್ದದ್ದು ಮೂರಕ್ಕೆ. ಕೆ-4ರ ಆರು ಅಡುಗೆಮನೆಗಳಲ್ಲಿ ಶನಿವಾರದವರೆಗೆ ಮಾತ್ರ ಕಾಳಿತ್ತು.

ಅವಳನ್ನು ಕಾಡುತ್ತಿದ್ದದ್ದು ಬೆಲೆ ಒಂದೇ ಅಲ್ಲ. ಅಲ್ಲಿ ಹೊಸ ಬೆಳೆ ಬರುವುದು ನವೆಂಬರಿಗೆ. ಯುದ್ಧವಿಲ್ಲದ ವರ್ಷದಲ್ಲೂ ಆಗಸ್ಟ್, ಸೆಪ್ಟೆಂಬರಿನಲ್ಲಿ ಜೋಳ ತುಟ್ಟಿಯಾಗುತ್ತದೆ. ಈ ವರ್ಷ ಮಾತ್ರ ಕದಲದೆ ಕೂತಿದೆ. ಮನೆಗಳ ಫಾರಂ ನೋಡಿದರೆ ಬೇರೆಯದೇ ಕಥೆ. ಜುಲೈಯಲ್ಲಿ ಇಪ್ಪತ್ತರಲ್ಲಿ ಹದಿನಾಲ್ಕು ಮನೆ ದಿನಕ್ಕೆ ಎರಡು ಹೊತ್ತು ಉಂಡಿದ್ದವು. ಈಗ ಹದಿನೇಳು ಮನೆಗಳಲ್ಲಿ ಒಂದೇ ಹೊತ್ತು. ಉಳಿದ ಮೂರು ಮನೆಗಳಲ್ಲಿ ಹಿಂದಿನ ದಿನ ಒಲೆಯನ್ನೇ ಹಚ್ಚಿರಲಿಲ್ಲ.

ಎರಡು ವಾರದ ಹಿಂದೆ ಸುಪ್ರಜಾ ಇಖ್ಲಾಸ್‌ಗೆ ಒಂದು ಸಂದೇಶ ಕಳಿಸಿದ್ದಳು. ‘ನಿಮ್ಮ ಬೆಲೆಗಳು ಪ್ರತಿ ವಾರ ಒಂದೇ ಇವೆ. ನೀವು ಖುದ್ದಾಗಿ ಸಂತೆಗೆ ಹೋಗುತ್ತಿದ್ದೀರಾ? ದಯವಿಟ್ಟು ತಿಳಿಸಿ.’ ಉತ್ತರ ಒಂದೇ ಮಾತಿನದು. ‘ಹೋಗುತ್ತಿದ್ದೇನೆ.’ ಅಲ್ಲಿಂದಾಚೆಗೆ ಪ್ರತಿ ಫಾರಂ ಜೊತೆ ಯಾರೂ ಕೇಳದ ಒಂದು ಫೋಟೋ ಬರತೊಡಗಿತು. ಆದರೂ ಸುಪ್ರಜಾ ಆ ಹೆಸರಿನ ಮುಂದೆ ಹಳದಿ ಗುರುತು ಹಾಕಿದ್ದಳು. ಹಳದಿ ಎಂದರೆ ಅನುಮಾನ. ಮೂರು ವಾರ ಹಳದಿಯಲ್ಲೇ ಉಳಿದರೆ ಆ ಊರಿನ ಅಂಕಿಯನ್ನು ಲೆಕ್ಕದಿಂದ ಹೊರಗಿಡಬೇಕು. ಇವತ್ತಿನದು ಮೂರನೆಯದು.

ಏಳೂವರೆಗೆ ಹ್ಯೂಸ್ಟನ್ನಿಂದ ವೆಂಕಟೇಶ್ ಫೋನ್ ಮಾಡಿದ. ನಂಜನಗೂಡಿನವನು, ಹದಿನೈದು ವರ್ಷದಿಂದ ಹ್ಯೂಸ್ಟನ್‌ನಲ್ಲಿದ್ದಾನೆ. ಸಭೆಯ ಮುಂದೆ ಅಂಕಿ ಇಡುವವನು ಅವನೇ.

“ಕೆ-4 ಏನ್ಮಾಡೋಣ, ಸುಪ್ರಜಾ?”

“ಮನೆಗಳ ಫಾರಂ ನೋಡಿದ್ರೆ ಭಯ ಆಗತ್ತೆ. ಬೆಲೆ ನೋಡಿದ್ರೆ ಏನೂ ಆಗಿಲ್ಲ ಅನ್ಸತ್ತೆ.”

“ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲವಲ್ಲ.”

“ಗೊತ್ತು.”

“ಆಕೆ ಮನೇಲೇ ಕೂತ್ಕೊಂಡು ಹಳೇ ನಂಬರನ್ನೇ ತುಂಬಿ ಕಳಿಸ್ತಿರಬಹುದಾ?”

ಸುಪ್ರಜಾ ಆ ಹಳದಿ ಗುರುತನ್ನು ನೋಡಿದಳು. “ಇರಬಹುದು. ನಂಗೊತ್ತಿಲ್ಲ” ಎಂದಳು.

“ಹಾಗಿದ್ರೆ ಹೊರಗಿಡೋದೇ ಸರಿ. ಎರಡು ವರ್ಷದ ಹಿಂದೆ ಸುಳ್ಳು ಅಂಕಿ ನಂಬಿ ಒಂದೂರಿಗೆ ದುಡ್ಡು ಕಳಿಸಿ, ನಿಜವಾಗ್ಲೂ ಬೇಕಿದ್ದ ಪಕ್ಕದ ಊರಲ್ಲಿ ಅಡುಗೆಮನೆ ಮುಚ್ಚೋ ಹಾಗಾಯ್ತು. ಇನ್ನೊಂದ್ಸಲ ನನ್ ಕೈಲಿ ಆಗಲ್ಲ. ಗುರುವಾರದೊಳಗೆ ಏನಾದ್ರೂ ಗಟ್ಟಿಯಾದ್ದು ಸಿಕ್ಕರೆ ಹೇಳು.”

ಫೋನಿಟ್ಟ ಮೇಲೆ ಅವಳು ಇಖ್ಲಾಸ್ ಕಳಿಸಿದ ಫೋಟೋ ತೆರೆದಳು. ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತ ವ್ಯಾಪಾರಿ. ಅವನ ಮುಂದೆ ಜೋಳ ತುಂಬಿದ ಡಬ್ಬ. ಡಬ್ಬದ ಬಾಯಿಯ ಮೇಲೆ ಅಡ್ಡಕ್ಕಿಟ್ಟ ಅಂಗೈ. ಈ ಫೋಟೋ ಇವತ್ತಿನದೇ ಎಂದು ಹೇಳುವ ಗುರುತು ಅದರಲ್ಲಿ ಏನಾದರೂ ಇದೆಯೇ ಎಂದು ಅವಳು ಹುಡುಕುತ್ತಿದ್ದಾಗ ಹಿಂದಿನಿಂದ ಫಿಲ್ಟರ್ ಕಾಫಿಯ ವಾಸನೆ ಬಂತು.

ಮಾವ ರಘೂತ್ತಮ ಕೆರೆಯ ದಂಡೆಯ ವಾಕಿಂಗ್ ಮುಗಿಸಿ ಬಂದು ಲೋಟ ಹಿಡಿದು ನಿಂತಿದ್ದರು. ಧಾರವಾಡದವರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಜೂನ್‌ನಲ್ಲಿ ಹೆಂಡತಿ ಕೃಷ್ಣವೇಣಿಯೊಂದಿಗೆ ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಬಂದ ವಾರವೇ ಇಂಡಿಯನ್ ಸ್ಟೋರಿನ ಬೇಳೆ ಪೊಟ್ಟಣಗಳನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದರಲ್ಲೂ ಕಡಿಮೆ ಬರದೆ ನಿರಾಶರಾಗಿದ್ದರು.

“ಯಾವ ಊರ ಸಂತಿ ಇದು?”

“ಸುಡಾನ್ ಮಾವ. ಆಫೀಸಿನ ಕೆಲಸ.”

“ಅಂವಾ ಅಂಗೈಲೆ ಸವರಿ ಅಳ್ಯಾಕತ್ಯಾನಲ್ಲ. ಅಲ್ಲಿ ಪದ್ಧತಿನ ಹಂಗೇನು? ಹಳೇ ಫೋಟೋ ಇದ್ದರ ತಗಿ ನೋಡೂಣು.”

ಮಾರ್ಚಿನಲ್ಲಿ, ಇಖ್ಲಾಸ್ ಕೆಲಸಕ್ಕೆ ಸೇರಿದಾಗ ಕಳಿಸಿದ್ದ ಒಂದು ಫೋಟೋ ಕಡತದಲ್ಲಿತ್ತು. ಸುಪ್ರಜಾ ಅದನ್ನು ಪಕ್ಕದಲ್ಲಿ ತೆರೆದಳು. ಅದೇ ವ್ಯಾಪಾರಿ, ಅಂಥದೇ ಡಬ್ಬ. ಆದರೆ ಅದರಲ್ಲಿ ಜೋಳ ಅಂಚನ್ನು ದಾಟಿ ಗೋಪುರದ ಹಾಗೆ ಏರಿ ನಿಂತಿತ್ತು. ಇನ್ನೊಂದು ಕಾಳು ಹಾಕಿದರೆ ಜಾರಿ ಬೀಳುವಷ್ಟು.

ರಘೂತ್ತಮ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನೋಡಿದರು. ಆಮೇಲೆ ಇವತ್ತಿನ ಫೋಟೋದ ಮೇಲೆ ಬೆರಳಿಟ್ಟರು.

“ಇದರ ತಲಿ ಎಲ್ಲಿ ಹೋತು?”

ಸುಪ್ರಜಾ ಎರಡು ಡಬ್ಬಗಳ ಬಾಯಿಯನ್ನೂ ಹೋಲಿಸಿ ನೋಡಿದಳು.

“ಮಾಲಿನ ಭಾವ ಏರಿಸಿಲ್ಲ ಅಂವಾ. ಅಳತಿ ಇಳಿಸ್ಯಾನ. ತಲಿ ಒಂದ ಹೋದರ ಕಾಲುಪಾಲು ಹೋತು ಅಂತ ತಿಳಕೋ. ಇನ್ನ ಇಲ್ಲಿ ನೋಡು, ತಳದ ಅಂಚಿನಾಗ ಸುತ್ತಿಗಿ ಪೆಟ್ಟು ಬಿದ್ದಾವ. ತಳಾನ ಒಳಗ ಬಡದಾರ. ಎಷ್ಟ ಒಳಗ ಬಂದದ ಅನ್ನೂದು ಫೋಟೋದಾಗ ತಿಳಿಯೂದಿಲ್ಲ. ಹುಬ್ಬಳ್ಳಿ ದುರ್ಗದಬೈಲಿನಾಗ ಇಂಥಾವು ನಾನ ಎಷ್ಟ ಹಿಡದೀನಿ.”

“ಬೆಲೆ ಏರಿಸೋದು ಬಿಟ್ಟು ಹೀಗ್ಯಾಕೆ ಮಾಡ್ತಾರೆ?”

“ಏರಿಸಬ್ಯಾಡ ಅಂತ ಯಾರರೆ ಹೇಳಿರಬೇಕು. ಕೈಯಾಗ ಬಡಿಗಿ ಇದ್ದವರು.”

ಸುಪ್ರಜಾಳ ಕಣ್ಣು ಲ್ಯಾಪ್‌ಟಾಪಿನ ಇನ್ನೊಂದು ಕಿಟಕಿಗೆ ಹೋಯಿತು. ಮೂರು ವರ್ಷದ ಹಿಂದೆ ತಾನೇ ಬರೆದ ಸಾಲು ಅಲ್ಲಿತ್ತು: ಒಂದು ಮಲ್ವಾ ಅಂದರೆ 3.2 ಕಿಲೋ. ಅದೊಂದನ್ನು ಯಾರೂ ಅಕಸ್ಮಾತ್ ಬದಲಾಯಿಸದಿರಲಿ ಎಂದು ಆಸ್ಟಿನ್ನಿನ ಸಾಫ್ಟ್‌ವೇರ್ ತಂಡದ ವಿಶ್ವಾಸ್‌ಗೆ ಹೇಳಿ ಲಾಕ್ ಮಾಡಿಸಿದ್ದಳು. ಬೆಲೆ ಏರುತ್ತದೆ, ಇಳಿಯುತ್ತದೆ; ಅಳತೆ ಇದ್ದಲ್ಲೇ ಇರುತ್ತದೆ. ಅಷ್ಟು ಸಹಜವಾದ ಮಾತನ್ನು ಬೀಗ ಹಾಕಿ ಇಟ್ಟದ್ದೇ ತಪ್ಪಾಗಿತ್ತು.

ಅವಳು ಹ್ಯೂಸ್ಟನ್‌ಗೆ ಮತ್ತೆ ಫೋನ್ ಮಾಡಿದಳು. ವೆಂಕಟೇಶ್ ಪೂರ್ತಿ ಕೇಳಿಸಿಕೊಂಡ.

“ಆಗಿರಬಹುದು” ಎಂದ. “ಆದ್ರೆ ಫೋಟೋ ನೋಡಿ ನಿಮ್ಮ ಮಾವ ಹೇಳಿದ್ರು ಅಂತ ಸಭೆ ಮುಂದೆ ಇಡೋಕಾಗಲ್ಲ ಸುಪ್ರಜಾ. ತೂಕ ಬೇಕು. ಕಡಿಮೆ ಅಂದ್ರೂ ಮೂರು ಅಂಗಡೀದು. ಕಿಲೋ ಬೆಲೆ ಐವತ್ತು ಪರ್ಸೆಂಟ್ ಏರಿದ್ರೆ ತಾನಾಗೇ ತುರ್ತು ಪಟ್ಟಿಗೆ ಬರತ್ತೆ. ಯಾರೂ ಅಡ್ಡ ಮಾತಾಡಲ್ಲ.”

ತೂಕ ಹೇಗೆ ಸಿಗಬೇಕು? ಇಖ್ಲಾಸ್‌ಗೆ ಕೊಟ್ಟಿದ್ದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಜೂನ್‌ನಲ್ಲೇ ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಂಡಿದ್ದರು. ಇನ್ನೊಂದು ಕಳಿಸಲು ದಾರಿಯಿರಲಿಲ್ಲ. ಅದನ್ನು ಸುಪ್ರಜಾ ಮಾವನಿಗೆ ಹೇಳಿದಾಗ ಅವರು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟರು.

“ನೀರ ಅದನೋ ಇಲ್ಲೋ ಆ ಊರಾಗ?”

“ಇದೆ. ಬಾವಿ ಇದೆ.”

“ಮತ್ತ? ಒಂದ ಲೀಟರ್ ನೀರ ಅಂದರ ಒಂದ ಕಿಲೋ. ಸುಡಾನ್‌ದಾಗೂ ಅಷ್ಟ, ಧಾರವಾಡದಾಗೂ ಅಷ್ಟ. ಒಂದ ಕೋಲು, ಒಂದೀಟ ಹಗ್ಗ, ಎರಡ ಚೀಲ. ಮುಗೀತು.”

ಅವತ್ತು ಸಂಜೆ ಸುಪ್ರಜಾಳ ಗಂಡ ಸಮರ್ಥ್ ಪ್ಲೇನೋದ ಆಫೀಸಿನಿಂದ ಮನೆಗೆ ಬಂದಾಗ ಅವನ ಇಸ್ತ್ರಿ ಶರ್ಟುಗಳೆಲ್ಲ ಹಾಸಿಗೆಯ ಮೇಲೆ ರಾಶಿ ಬಿದ್ದಿದ್ದವು. ಬಟ್ಟೆ ನೇತುಹಾಕುವ ಕೋಲು ಕಪಾಟಿನಲ್ಲಿರಲಿಲ್ಲ. ಅದು ಹಿಂಬದಿಯ ಪ್ಯಾಟಿಯೊದಲ್ಲಿ, ಮಧ್ಯಕ್ಕೆ ಹಗ್ಗ ಕಟ್ಟಿಸಿಕೊಂಡು, ಎರಡು ತುದಿಗೂ ಕಿರಾಣಿ ಚೀಲ ಜೋತುಬಿಟ್ಟುಕೊಂಡು ತೂಗಾಡುತ್ತಿತ್ತು. ಅಪ್ಪ ಒಂದು ತುದಿಯ ಮುಂದೆ ಕಣ್ಣು ಕಿರಿದು ಮಾಡಿ ನಿಂತಿದ್ದರು.

“ಅಪ್ಪಾ, ಏನಿದು?”

“ಸುಮ್ನಿರು, ಗಾಳಿ ಬ್ಯಾಡ.”

“ನಾ ಏನ ಗಾಳಿ ಬೀಸಾಕತ್ತೀನೇನು?”

“ಬಾಗಲಾ ತಗದು ನಿಂತೀಯಲ್ಲ. ಹಾಕು.”

ಕೃಷ್ಣವೇಣಿ ಅಡುಗೆಮನೆಯಿಂದಲೇ ಕೂಗಿದರು. “ಬಾಗಲಾ ಹಾಕಿ ಒಳಗ ಬಾರೋ. ನಿಮ್ಮಪ್ಪಗ ಇವತ್ತ ಡ್ಯೂಟಿ ಬಂದದ. ಹನ್ನೊಂದ ವರ್ಷ ಆಗಿತ್ತು.”

ಒಂದು ಚೀಲದಲ್ಲಿ ಸ್ಟೀಲ್ ಡಬ್ಬಿಯಿಂದ ಅಳೆದ ಜೋಳ. ಇನ್ನೊಂದರಲ್ಲಿ ನೀರಿನ ಬಾಟಲಿಗಳು. ಬಾಟಲಿಯ ಮೇಲೆ 16.9 ಔನ್ಸ್ ಎಂದು ಬರೆದದ್ದನ್ನು ಓದಿ ರಘೂತ್ತಮ ಸಾಕಷ್ಟು ರೇಗಿದ್ದರು. ಅರ್ಧ ಲೀಟರ್ ಅನ್ನುವುದಕ್ಕೆ ಇಷ್ಟು ಸುತ್ತು ಹೊಡೆಯಬೇಕೇ ಎಂದು ಅವರ ಪ್ರಶ್ನೆ. ಬಾಟಲಿಗೂ ತೂಕವಿರುತ್ತದಲ್ಲ, ಅದಕ್ಕೆ ಜೋಳದ ಚೀಲದೊಳಗೂ ಅಷ್ಟೇ ಖಾಲಿ ಬಾಟಲಿ ಹಾಕಿಸಿದರು. ಒಂದು ಸಲ ತೂಗಿದ ಮೇಲೆ ಚೀಲಗಳನ್ನು ಅದಲು ಬದಲು ಮಾಡಿ ಇನ್ನೊಂದು ಸಲ ತೂಗಿಸಿದರು. ಹಗ್ಗ ಕೋಲಿನ ಸರಿ ಮಧ್ಯದಲ್ಲಿ ಇಲ್ಲದಿದ್ದರೆ ಒಂದು ಸಲ ಹೆಚ್ಚು, ಇನ್ನೊಂದು ಸಲ ಕಡಿಮೆ ಬರುತ್ತದೆ. ಎರಡರ ನಡುವಿನದೇ ನಿಜ.

“ಅರ್ಧ ಕಿಲೋಕ್ಕಿಂತ ಸಣ್ಣ ತೂಕ ಹೇಗೆ ಮಾವ?” ಎಂದು ಸುಪ್ರಜಾ ಕೇಳಿದಳು. “ಮೂರು ಬಾಟಲಿಗೆ ಜಾಸ್ತಿ, ನಾಲ್ಕಕ್ಕೆ ಕಡಿಮೆ ಆದ್ರೆ?”

ರಘೂತ್ತಮ ಯೋಚಿಸುತ್ತ ನಿಂತರು. ಇಲಾಖೆಯಲ್ಲಿ ಹಿತ್ತಾಳೆಯ ಸಣ್ಣ ತೂಕದ ಬಟ್ಟುಗಳಿದ್ದವು. ಇಲ್ಲಿ ಏನಿದೆ?

ಕೃಷ್ಣವೇಣಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. “ಅಲ್ರೀ, ಆ ಊರಾಗ ಕೂಸುಗಳ ಇಲ್ಲೇನು? ಹಾಲಿನ ಬಾಟಲಿ ಮ್ಯಾಲೆ ಗೆರಿ ಇರತಾವಲ್ಲ. ಐವತ್ತು, ನೂರು ಅಂತ.”

ರಘೂತ್ತಮ ಹೆಂಡತಿಯನ್ನು ನೋಡಿದರು. “ಇಲಾಖೆದಾಗ ಇರಬೇಕಿತ್ತು ನೀನು.”

“ನಿಮ್ಮ ಕೂಡ ಮನ್ಯಾಗಿರೂದ ಸಾಕಾಗ್ಯದ” ಎಂದು ಅವರು ಒಳಗೆ ಹೋದರು.

ಸಣ್ಣ ಪಾಲಿನ ನೀರನ್ನು ಅಳತೆ ಕಪ್ಪಿನಿಂದ ಸೇರಿಸಿದಾಗ ಕೋಲಿನ ಲೆಕ್ಕದಲ್ಲಿ ಜೋಳ 2.03 ಕಿಲೋ ಬಂತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 2.05. ರಘೂತ್ತಮ ತಮ್ಮದೇ ಸರಿ, ಸೆಲ್ ಹಾಕಿದ ತಕ್ಕಡಿಯದೇ ತಪ್ಪು ಎಂದು ವಾದಿಸಿದರು. ಸಮರ್ಥ್ ತನ್ನ ಕೋಲು ವಾಪಸ್ ಕೊಡುವುದಾದರೆ ಯಾವುದನ್ನು ಬೇಕಾದರೂ ಒಪ್ಪುತ್ತೇನೆ ಎಂದ.

ವಿಡಿಯೋ ಕಳಿಸುವ ಹಾಗಿರಲಿಲ್ಲ. ಚಹಾ ಅಂಗಡಿಯ ಇಂಟರ್ನೆಟ್ಟಿಗೆ ಅದು ಭಾರ. ರಘೂತ್ತಮ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದರು: ಕೋಲು, ಹಗ್ಗ, ಎರಡು ಚೀಲ, ಬಾಟಲಿ, ಗೆರೆ ಇರುವ ಹಾಲಿನ ಬಾಟಲಿ, ಅದಲು ಬದಲು ಮಾಡುವ ಬಾಣದ ಗುರುತು. ಚಿತ್ರದ ಪಕ್ಕ ಸುಪ್ರಜಾ ಇಂಗ್ಲಿಷಿನಲ್ಲಿ ಆರು ಸಾಲು ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ‘ನಿಮ್ಮ ಬೆಲೆಗಳನ್ನು ಅನುಮಾನಿಸಿದ್ದಕ್ಕೆ ಕ್ಷಮಿಸಿ. ನಾವು ನೋಡಬೇಕಾಗಿದ್ದು ಡಬ್ಬವನ್ನು. ಅಪಾಯ ಅನಿಸಿದರೆ ಇದನ್ನು ಮಾಡಬೇಡಿ.’

ಬುಧವಾರ ಬೆಳಿಗ್ಗೆ ಆರು ಗಂಟೆ ಎರಡು ನಿಮಿಷಕ್ಕೆ ಕಳಿಸಿದಳು. ಏಳೂ ಇಪ್ಪತ್ತಕ್ಕೆ ಅದು ತಲುಪಿದ ಗುರುತು ಬಂತು. ಎಂಟೂವರೆಯವರೆಗೆ ಉತ್ತರ ಬರಲಿಲ್ಲ.

ಬುಧವಾರವೆಲ್ಲ ಅವಳಿಗೆ ಕೆಲಸ ಸಾಗಲಿಲ್ಲ. ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟಿನ ಪೊಟ್ಟಣ ಖಾಲಿಯಾಗುತ್ತ ಬಂದಿತ್ತು. ಎಂದಿನ ಹಾಗೆ “ಇನ್ನೊಂದ ಹಾಕಲೇನು?” ಎಂದು ಕೇಳಿದರು. ಸಾಕು ಎಂದಳು. ಅವರು ಒಂದು ಕ್ಷಣ ಅವಳ ಮುಖ ನೋಡಿ, ಕೇಳದೆ ಇನ್ನೊಂದು ಹಾಕಿದರು.

“ನೀ ಉಪಾಸ ಬಿದ್ದರ ಆ ಕಡೆ ಒಲಿ ಹತ್ತೂದಿಲ್ಲ. ಉಣ್ಣು” ಎಂದರು. ಸುಪ್ರಜಾ ಉಂಡಳು.

ಗುರುವಾರ ಆರಕ್ಕೆ ಮೇಜಿನ ಮುಂದೆ ಕೂತವಳು ಏಳಲಿಲ್ಲ. ಏಳು ಗಂಟೆಯಾಯಿತು. ಏಳೂವರೆಗೆ ವೆಂಕಟೇಶ್‌ನ ಸಂದೇಶ: ‘ಏನಾದರೂ?’ ಇಲ್ಲ ಎಂದು ಬರೆದಳು. ರಘೂತ್ತಮ ಅವತ್ತು ವಾಕಿಂಗ್‌ಗೆ ಹೋಗಲಿಲ್ಲ. ಪೇಪರ್ ಓದುವವರ ಹಾಗೆ ಸೋಫಾದಲ್ಲಿ ಕೂತಿದ್ದರು. ಕೈಯಲ್ಲಿದ್ದದ್ದು ಹಿಂದಿನ ವಾರದ ಪಿಜ್ಜಾ ಕೂಪನ್ನಿನ ಹಾಳೆ.

“ನಾ ಚಿತ್ರಾ ಬರದಿದ್ದು ತಪ್ಪಾತೇನೋ” ಎಂದರು ಎಂಟು ಗಂಟೆಗೆ. “ಆಕಿಗೆ ಏನರೆ ತ್ರಾಸ ಆದರ?”

ಸುಪ್ರಜಾ ಅದನ್ನೇ ಯೋಚಿಸುತ್ತಿದ್ದಳು. ಆದರೂ “ಹಾಗೆಲ್ಲ ಆಗಲ್ಲ ಮಾವ” ಎಂದಳು.

ಎಂಟು ಗಂಟೆ ಇಪ್ಪತ್ತಾರು ನಿಮಿಷ. ಫೋನ್ ಒಮ್ಮೆ ಅದುರಿತು. ಮತ್ತೊಮ್ಮೆ. ನಾಲ್ಕು ಫೋಟೋ, ಒಂದು ಸಂದೇಶ.

ಮೊದಲ ಫೋಟೋದಲ್ಲಿ ಮಣ್ಣಿನ ಗೋಡೆ, ತೊಲೆಯಿಂದ ಇಳಿಬಿಟ್ಟ ಹಗ್ಗ, ಅದಕ್ಕೆ ಕಟ್ಟಿದ ಒಂದು ಊರುಗೋಲು. ಕೋಲಿನ ಎರಡು ತುದಿಗೆ ಬಟ್ಟೆಯ ಚೀಲಗಳು. ಕೋಲು ಸಮವಾಗಿ ನಿಂತಿತ್ತು.

ಸಂದೇಶವನ್ನು ಸುಪ್ರಜಾ ಗಟ್ಟಿಯಾಗಿ, ಕನ್ನಡಕ್ಕೆ ತಿರುಗಿಸುತ್ತ ಓದಿದಳು.

“ಸಂತೆಯಲ್ಲಿ ತೂಗಿದರೆ ಬಂದೂಕಿನವರು ಬಂದು ಕೇಳುತ್ತಾರೆ. ಅದಕ್ಕೆ ನಮ್ಮ ಅಡುಗೆಮನೆಯಲ್ಲಿ ತೂಗಿದೆ. ಇವತ್ತು ಒಂದೊಂದು ಮಲ್ವಾ ಕೊಂಡು ತಂದ ನಾಲ್ಕು ಮನೆಯವರು ಒಲೆಗೆ ಹಾಕುವ ಮೊದಲು ನನಗೆ ಚೀಲ ಕೊಟ್ಟರು. ನಾಲ್ಕೂ ಬೇರೆ ಬೇರೆ ಅಂಗಡಿಯವು. 1.9, 1.8, 2.0, 1.9. ಎಲ್ಲವನ್ನೂ ಅದಲು ಬದಲು ಮಾಡಿ ತೂಗಿದ್ದೇನೆ. ಕೋಲು ನನ್ನ ತಾಯಿಯದು. ಚಿತ್ರ ಬರೆದವರಿಗೆ ನನ್ನ ವಂದನೆ ತಿಳಿಸಿ.”

ರಘೂತ್ತಮ ಕೂಪನ್ನಿನ ಹಾಳೆ ಕೆಳಗಿಟ್ಟರು. “ಅದಲು ಬದಲ ಮಾಡ್ಯಾಳ” ಎಂದರು. “ನಮ್ಮ ಇಲಾಖೆದಾಗ ಎಷ್ಟೋ ಮಂದಿ ಮಾಡ್ತಿರಲಿಲ್ಲ.”

ಸಂದೇಶದಲ್ಲಿ ಇನ್ನೂ ಎರಡು ಸಾಲಿತ್ತು. ಅದನ್ನು ಸುಪ್ರಜಾ ಗಟ್ಟಿಯಾಗಿ ಓದಲಿಲ್ಲ.

‘ಬೆಲೆ ಏರಿಸಿದರೆ ಅಂಗಡಿ ಮುಚ್ಚಿಸುತ್ತೇವೆ ಎಂದು ಆಜ್ಞೆಯಾಗಿದೆ, ಅದಕ್ಕೆ ಮಲ್ವಾ ಚಿಕ್ಕದಾಗಿದೆ ಎಂದು ಆಗಸ್ಟ್ 5ರ ಫಾರಂನಲ್ಲೇ ಬರೆದಿದ್ದೆ. ನೀವು ಓದಲಿಲ್ಲವೇ?’

ಫಾರಂನ ಕೊನೆಯಲ್ಲಿ ಟಿಪ್ಪಣಿಗೆಂದು ಒಂದು ಖಾನೆ ಇತ್ತು. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಿದ್ದರು. ಪರದೆ ಚೊಕ್ಕವಾಗಿ ಕಾಣಲಿ ಎಂದು ಹೋದ ವರ್ಷ ಸುಪ್ರಜಾ ತನ್ನ ಕಣ್ಣೆದುರಿನಿಂದ ಆ ಖಾನೆಯನ್ನು ತೆಗೆಸಿದ್ದಳು. ಈಗ ಮೂಲ ಕಡತ ತೆರೆದಳು. ಆಗಸ್ಟ್ 5: ‘ಮಲ್ವಾ ಈಗ ತಲೆಯಿಲ್ಲದೆ ಅಳೆಯುತ್ತಾರೆ. ಬೆಲೆ ಏರಿಸಲು ಬಿಡುವುದಿಲ್ಲ.’ ಆಗಸ್ಟ್ 12: ‘ತಳ ಒಳಗೆ ಬಡಿದಿದ್ದಾರೆ. ತಕ್ಕಡಿ ಇಲ್ಲ, ಎಷ್ಟು ಎಂದು ಹೇಳಲಾರೆ.’ ಆಗಸ್ಟ್ 19: ‘ದಯವಿಟ್ಟು ಇದನ್ನು ಓದಿ.’ ಆಮೇಲೆ ಖಾನೆ ಖಾಲಿ. ಆಗಸ್ಟ್ 26ರಂದೇ ಅವಳಿಗೆ ಸುಪ್ರಜಾಳ ಪ್ರಶ್ನೆ ತಲುಪಿತ್ತು: ನೀವು ಖುದ್ದಾಗಿ ಸಂತೆಗೆ ಹೋಗುತ್ತಿದ್ದೀರಾ?

“ಏನಾತು?” ಎಂದರು ರಘೂತ್ತಮ.

ಅವಳು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. ಅವರು ಇಂಗ್ಲಿಷನ್ನು ನಿಧಾನವಾಗಿ ಓದಿದರು.

“ಆಕಿ ಮೊದಲ ಹೇಳಿದ್ಲಲ್ಲ” ಎಂದರು. “ನಾ ಏನ ಹೊಸಾದು ಹೇಳಲಿಲ್ಲ ಹಂಗಾರ.”

“ನೀವು ಹೇಳಿದ್ದಕ್ಕೇ ನಾನು ಓದಿದ್ದು ಮಾವ.”

“ಇದನ್ನೂ ಹೇಳು ಮೀಟಿಂಗಿನಾಗ. ತೂಕ ಅಷ್ಟ ಹೇಳಿ ಬಿಡಬ್ಯಾಡ.”

ಎಂಟು ಮೂವತ್ತೊಂಬತ್ತಕ್ಕೆ ಅವಳು ಹ್ಯೂಸ್ಟನ್‌ಗೆ ಅಂಕಿ ಕಳಿಸಿದಳು. ಮಲ್ವಾ 3.2ರಿಂದ 1.9 ಕಿಲೋಗೆ ಇಳಿದಿದೆ. ಕಿಲೋ ಬೆಲೆ 5,625ರಿಂದ 9,474 ಪೌಂಡಿಗೆ ಏರಿದೆ. ಏರಿಕೆ ಶೇಕಡ 68. ಎಂಟು ನಲವತ್ತೆರಡಕ್ಕೆ ವೆಂಕಟೇಶ್ ಫೋನ್ ಮಾಡಿದ.

“ನೀರಿನ ಬಾಟಲೀಲಿ ತೂಗಿಸಿದ್ಯಾ?”

“ಹೌದು.”

“ನಂಬಬಹುದಾ?”

“ನಮ್ಮನೇಲಿ ತೂಗಿ ನೋಡಿದೀವಿ. ಎರಡು ಕಿಲೋಗೆ ಇಪ್ಪತ್ತು ಗ್ರಾಂ ವ್ಯತ್ಯಾಸ. ವೆಂಕಟೇಶ್, ಮಂಗಳವಾರ ನೀನು ಕೇಳಿದ್ಯಲ್ಲ, ಮನೇಲೇ ಕೂತು ತುಂಬ್ತಿದ್ದಾಳಾ ಅಂತ. ನಾನು ಇರಬಹುದು ಅಂದೆ. ಅದು ತಪ್ಪು. ಆಕೆ ಆಗಸ್ಟ್ ಐದರಿಂದ ಬರೀತಾನೇ ಇದ್ದಾಳೆ, ನಾನು ಆ ಖಾನೇನ ಮುಚ್ಚಿಟ್ಟಿದ್ದೆ. ಇದನ್ನ ನಾನೇ ಹೇಳ್ತೀನಿ, ನಂಗೆ ಎರಡು ನಿಮಿಷ ಕೊಡು.”

“ಒಂದ್ ನಿಮಿಷ ಸಾಕು” ಎಂದ ವೆಂಕಟೇಶ್. “ಇನ್ನೊಂದು ನಿಮಿಷ ನಿಮ್ಮ ಮಾವನ ವಿಷಯ ನಾನು ಹೇಳ್ಬೇಕು.”

ಸಭೆ ಒಂಬತ್ತಕ್ಕೆ ಶುರುವಾಯಿತು. ವೆಂಕಟೇಶ್ ಅಂಕಿ ಇಟ್ಟ. ಸುಪ್ರಜಾ ಊರುಗೋಲಿನ ಫೋಟೋ ತೋರಿಸಿದಳು, ಇಖ್ಲಾಸ್ ಬರೆದ ಮೂರು ಟಿಪ್ಪಣಿಗಳನ್ನು ತಾರೀಖಿನ ಸಮೇತ ಓದಿ, ಅವು ಯಾಕೆ ಯಾರಿಗೂ ಕಾಣಲಿಲ್ಲ ಎಂದು ಹೇಳಿದಳು. ಒಬ್ಬರು, ಬೇರೆ ಆರು ಊರುಗಳ ಅಳತೆಯೂ ಹೀಗೇ ಆಗಿದ್ದರೆ ಎಂದು ಕೇಳಿದರು. ಗೊತ್ತಿಲ್ಲ, ಶನಿವಾರದೊಳಗೆ ಎಲ್ಲ ಕಡೆ ತೂಗಿಸುತ್ತೇವೆ ಎಂದಳು. ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ ಪಟ್ಟಿ ಸಿದ್ಧವಾಯಿತು. ಕೆ-4 ಎರಡನೆಯ ಸ್ಥಾನದಲ್ಲಿತ್ತು.

ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದಾಗ ಅತ್ತೆ, ಮಾವ ಇಬ್ಬರೂ ಮೇಜಿನ ಆಚೆ ನಿಂತಿದ್ದರು.

“ಆಯ್ತು” ಎಂದಳು. “ಕೊಡ್ತಾರೆ. ನಾಳೇನೇ ಕಳಿಸ್ತಾರೆ.”

ಕೃಷ್ಣವೇಣಿ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದರು. ರಘೂತ್ತಮ ಇನ್ನು ವಾಕಿಂಗ್‌ಗೆ ಹೋಗಿ ಬರುತ್ತೇನೆಂದು ಹೊರಟರು. ಬಾಗಿಲು ದಾಟಿದವರು ಮತ್ತೆ ಒಳಗೆ ಬಂದರು. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತಿದ್ದರು. ಅದನ್ನು ನೋಡಿ ಸುಪ್ರಜಾಳಿಗೆ ನಗು ಬಂತು. ಮೂರು ದಿನದಲ್ಲಿ ಅದೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಅದನ್ನು ಒರೆಸಿಕೊಂಡು, ಇಖ್ಲಾಸ್ ಹೆಸರಿನ ಮುಂದಿನ ಹಳದಿ ಗುರುತು ಅಳಿಸಿದಳು. ಆಮೇಲೆ ಬರೆದಳು: ‘ಓದಿರಲಿಲ್ಲ. ಅದು ನನ್ನ ತಪ್ಪು. ಈಗ ಮೂರನ್ನೂ ಓದಿದ್ದೇನೆ, ಸಭೆಯಲ್ಲೂ ಓದಿ ಹೇಳಿದ್ದೇನೆ. ಅಡುಗೆಮನೆಗಳು ಮುಚ್ಚುವುದಿಲ್ಲ.’ ಚಹಾ ಅಂಗಡಿ ಆಗಲೇ ಮುಚ್ಚಿತ್ತು. ಸಂದೇಶ ಮಾರನೆಯ ದಿನ ತಲುಪಿತು.

ಶುಕ್ರವಾರ ಆಸ್ಟಿನ್‌ನಲ್ಲಿ ವಿಶ್ವಾಸ್ 3.2ರ ಬೀಗ ತೆಗೆದು, ಫಾರಂನಲ್ಲಿ ತೂಕಕ್ಕೊಂದು ಖಾನೆ ಸೇರಿಸಿದ. ಟಿಪ್ಪಣಿಯ ಖಾನೆಯನ್ನು ಪರದೆಯ ಎಲ್ಲಕ್ಕಿಂತ ಮೇಲೆ ತಂದ. ರಘೂತ್ತಮರ ಪೆನ್ಸಿಲ್ ಚಿತ್ರ ಉಳಿದ ಆರು ಊರುಗಳಿಗೂ ಹೋಯಿತು. ಸಮರ್ಥ್‌ಗೆ ಅವನ ಕೋಲು ವಾಪಸ್ ಸಿಕ್ಕಿತು.

ಮುಂದಿನ ಮಂಗಳವಾರ, ಸೆಪ್ಟೆಂಬರ್ 16, ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಕೆ-4ರ ಫಾರಂ ಬಂತು. ಜೋಳ, ಮಲ್ವಾ ಒಂದಕ್ಕೆ ಹದಿನೆಂಟು ಸಾವಿರ ಪೌಂಡ್. ತೂಕ, 1.9 ಕಿಲೋ. ಟಿಪ್ಪಣಿಯಲ್ಲಿ ಒಂದು ಸಾಲು: ಇವತ್ತು ಆರೂ ಅಡುಗೆಮನೆಗಳಲ್ಲಿ ಒಲೆ ಹೊತ್ತಿದೆ.